ನೀರು ಬಿಟ್ಟು ಎಷ್ಟು ಹೊತ್ತಾಯ್ತು?

ಬೆಳಿಗ್ಗೆ ಆರೂ ಮುಕ್ಕಾಲು. ಮಡಿಕೇರಿಯ ಹಸಿಮೀನು ಮಳಿಗೆಯ ಬಾಗಿಲು ತೆರೆದಿದೆ, ಮೀನು ಮಾತ್ರ ಬಂದಿಲ್ಲ. ಕಟ್ಟೆಗೆ ನೀರು ಹೊಡೆದು ಬಳಿದಿದ್ದಾರೆ. ತಕ್ಕಡಿ ಖಾಲಿ ಕೂತಿದೆ. ಮೂಲೆಯಲ್ಲಿ ಎರಡು ಬೆಕ್ಕುಗಳು ನಮಗಿಂತ ಮುಂಚೆಯೇ ಬಂದು ಜಾಗ ಹಿಡಿದಿವೆ. ಹೊರಗೆ ಬೀಳುತ್ತಿರುವುದು ಮಳೆಯೋ ಮಂಜೋ ಗೊತ್ತಾಗುವುದಿಲ್ಲ. ಕೊಡೆ ಬಿಚ್ಚಿದರೂ ಒದ್ದೆ, ಮಡಚಿದರೂ ಒದ್ದೆ.

“ಕಾಕಾ, ಗಾಡಿ ಎಲ್ಲಿಗೆ ಬಂತು?” ಅತ್ತೆ ಮಳಿಗೆಯವರನ್ನು ಮೂರನೇ ಸಲ ಕೇಳುತ್ತಾರೆ.

“ಸಂಪಾಜೆ ದಾಟಿತಮ್ಮಾ. ಕೊಯನಾಡಲ್ಲಿ ಚಾ ಕುಡೀತಾ ಇದ್ದಾನಂತೆ.”

“ಚಾ ಕುಡಿಲಿಕ್ಕೆ ಅವನಿಗೆ ಹೊತ್ತುಂಟು. ಮೀನಿಗೆ ಹೊತ್ತಿಲ್ಲ.”

ಆಗಸ್ಟ್ ತಿಂಗಳ ಎರಡನೇ ಶುಕ್ರವಾರ. ಶುಕ್ರವಾರ ಅಂದರೆ ಮಡಿಕೇರಿ ಸಂತೆ. ಊರಿಗೆ ಊರೇ ಕಕ್ಕಡ ಮಾಸದ ಮಳೆಯಲ್ಲಿ ನೆನೆದು ಹಂಚಿನ ಮೇಲೆಲ್ಲ ಪಾಚಿ ಕಟ್ಟಿದೆ. ಸಮುದ್ರಕ್ಕೂ ಈ ಕಟ್ಟೆಗೂ ನಡುವೆ 140 ಕಿಲೋಮೀಟರ್ ರಸ್ತೆ, ಸುಮಾರು 3,800 ಅಡಿ ಎತ್ತರ. ಮಂಗಳೂರು ದಕ್ಕೆಯಲ್ಲಿ ರಾತ್ರಿ ತುಂಬಿದ ಪಿಕಪ್ ಪುತ್ತೂರು, ಸುಳ್ಯ ದಾಟಿ, ಜೋಡುಪಾಲ, ಮದೆನಾಡಿನ ತಿರುವುಗಳಲ್ಲಿ ಏದುಸಿರು ಬಿಡುತ್ತ ಬರಬೇಕು. 2018ರ ಆಗಸ್ಟಿನಲ್ಲಿ ಈ ಜೋಡುಪಾಲದ ಗುಡ್ಡವೇ ಜಾರಿ ರಸ್ತೆ ಮುಚ್ಚಿತ್ತು. ಆ ಸಂಕಟದ ಮುಂದೆ ಮೀನಿನ ಮಾತೆತ್ತುವುದು ತಪ್ಪು. ಆದರೂ ನಮ್ಮ ಮೀನು ಬರುವುದು ಎಷ್ಟು ಸಣ್ಣ ದಾರದಲ್ಲಿ ತೂಗಾಡಿಕೊಂಡು ಅಂತ ನನಗೆ ಗೊತ್ತಾದದ್ದು ಆ ವರ್ಷವೇ.

ನಾನು ಮಂಡ್ಯ ಕಡೆಯವಳು. ನಮ್ಮಲ್ಲಿ ಮೀನು ಅಂದರೆ ಕೆರೆ ಮೀನು, ಸಾರು, ಮುದ್ದೆ. ಕೆರೆಯಿಂದ ಒಲೆಗೆ ಎರಡು ಫರ್ಲಾಂಗು. ತಾಜಾ ಹೌದೋ ಅಲ್ಲವೋ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಮದುವೆಯಾಗಿ ಮೂರ್ನಾಡಿನ ಹತ್ತಿರದ ಈ ಅರೆಭಾಷೆಯ ಮನೆಗೆ ಬಂದ ಮೇಲೆ ಕಲಿತ ಮೊದಲ ಪಾಠ ಅತ್ತೆಯ ಈ ಒಂದು ಪ್ರಶ್ನೆ: ನೀರು ಬಿಟ್ಟು ಎಷ್ಟು ಹೊತ್ತಾಯ್ತು?

ಏಳೂ ಹತ್ತಕ್ಕೆ ಹಾರ್ನ್. ಪಿಕಪ್ಪಿನ ಹಿಂಬಾಗಿಲು ಬಿದ್ದದ್ದೇ ತಣ್ಣನೆಯ ಉಪ್ಪು ಗಾಳಿ ಮುಖಕ್ಕೆ ಹೊಡೆಯುತ್ತದೆ. ನೀಲಿ ಕ್ರೇಟುಗಳು, ಥರ್ಮಾಕೋಲ್ ಪೆಟ್ಟಿಗೆಗಳು, ಐಸ್ ಪುಡಿ ಜಾರಿ ಮಳೆನೀರಿನ ಜೊತೆ ಚರಂಡಿಗೆ ಓಡುತ್ತದೆ. ಬೆಕ್ಕುಗಳು ಎದ್ದು ನಿಂತಿವೆ. ಹುಡುಗ ಕ್ರೇಟು ಮಗುಚುತ್ತಾನೆ. ಬಂಗುಡೆ ಕಟ್ಟೆಯ ಉದ್ದಕ್ಕೂ ಜಾರುತ್ತದೆ, ಬೆನ್ನ ಮೇಲಿನ ಹಸಿರು ನೀಲಿ ಗೆರೆ ಇನ್ನೂ ಮಾಸಿಲ್ಲ. ಪಕ್ಕದಲ್ಲಿ ಅಂಜಲ್, ಗತ್ತಿನಲ್ಲಿ ಮಲಗಿದೆ. ಸಿಗಡಿ ಒಂದು ಬುಟ್ಟಿ. ಕೊನೆಗೆ ಬೇರೊಂದು ಗಾಡಿಯಿಂದ ಇಳಿದ ಪೆಟ್ಟಿಗೆಯಲ್ಲಿ ಬೆಳ್ಳಿ ಚೂರುಗಳ ಹಾಗೆ ಮತ್ತಿ. ಕರಾವಳಿಯವರು ಬೂತಾಯಿ ಅನ್ನುವ ಮೀನಿಗೆ ನಮ್ಮಲ್ಲಿ ಮಲಯಾಳದ ಹೆಸರೇ ನಿಂತುಬಿಟ್ಟಿದೆ, ಅದು ಹತ್ತಿ ಬರುವ ಇನ್ನೊಂದು ಘಾಟಿಯ ದೆಸೆಯಿಂದ.

“ಮತ್ತಿ ಕಣ್ಣೂರಿಂದು,” ಕಾಕಾ ಹೇಳುತ್ತಾರೆ. “ಮಾಕುಟ್ಟ ಹತ್ತಿ ವಿರಾಜಪೇಟೆಗೆ ಬಂದು, ಅಲ್ಲಿಂದ ಇಲ್ಲಿಗೆ. ನಿನ್ನೆ ಸಂಜೆ ದೋಣಿ ದಡಕ್ಕೆ ಬಂದದ್ದು.”

“ಅಂಜಲ್?”

ಕಾಕಾ ನಗುತ್ತಾರೆ, ಹೇಳುವುದಿಲ್ಲ. ಅತ್ತೆಯೂ ನಗುತ್ತಾರೆ. ಈ ನಗುವಿನ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಮತ್ತಿ, ಬಂಗುಡೆ ದಡದ ಹತ್ತಿರ ಗುಂಪು ಕಟ್ಟಿ ಓಡಾಡುವ ಮೀನು. ಬೆಳಿಗ್ಗೆ ಹೋದ ದೋಣಿ ಸಂಜೆಗೆ ಹೊತ್ತು ತರುತ್ತದೆ. ಅಂಜಲ್‌ನಂಥ ದೊಡ್ಡವು ಬಹುಪಾಲು ಆಳಸಮುದ್ರದ ಬೋಟಿನವು. ಆ ಬೋಟು ಒಮ್ಮೆ ಹೊರಟರೆ ವಾರ, ಹತ್ತು ದಿನ ಕಳೆದು ಮರಳುವುದುಂಟು. ಮೊದಲ ದಿನ ಬಲೆಗೆ ಬಿದ್ದದ್ದು ಐಸಿನ ಅಡಿಯಲ್ಲಿ ಹತ್ತನೇ ದಿನದವರೆಗೆ ಕಾದಿರುತ್ತದೆ. ಹೆಚ್ಚು ದುಡ್ಡು ಕೊಟ್ಟವರಿಗೆ ಎಷ್ಟೋ ಸಲ ಹಳೆಯ ಮೀನು ಸಿಗುತ್ತದೆ. ಮನೆಗೆ ನೆಂಟರು ಬಂದರೆ ಅಂಜಲ್ಲೇ ಆಗಬೇಕು ಎನ್ನುವವರಿಗೆ ಇದನ್ನು ಹೇಳಿ ನೋಡಿ, ನಿಮ್ಮನ್ನು ಜಿಪುಣರೆಂದುಕೊಳ್ಳುತ್ತಾರೆ.

ಅತ್ತೆಯ ಕೈ ಕೆಲಸ ಶುರು ಮಾಡಿದೆ. ಹೆಬ್ಬೆರಳಿನಿಂದ ಮತ್ತಿಯ ಬೆನ್ನು ಒತ್ತುತ್ತಾರೆ. ಗುಳಿ ಬಿದ್ದು ತಟ್ಟನೆ ಮೇಲೆದ್ದಿತು. ಕಿವಿರು ಎತ್ತುತ್ತಾರೆ, ದಾಸವಾಳದ ಕೆಂಪು. ಕಣ್ಣು ಒಳಗೆ ಕೂತಿಲ್ಲ, ಹೊರಗೆ ಉಬ್ಬಿ ಹೊಳೆಯುತ್ತಿದೆ. ಕಡೆಗೆ ಮೂಗಿನ ಹತ್ತಿರ ಒಯ್ಯುತ್ತಾರೆ. ನೆನಪಿಡಿ, ಮೀನಿಗೆ ಮೀನಿನ ನಾತ ಇರಬಾರದು. ಒಳ್ಳೆಯ ಮೀನು ಉಪ್ಪುನೀರು, ಪಾಚಿ, ಅಷ್ಟೇ ನಾರುವುದು. ಏನೂ ನಾರದ, ನೊಣವೂ ಕೂರದ ಮೀನು ಕಂಡರೂ ಅತ್ತೆಗೆ ಅನುಮಾನ. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಗಡಿ ಚೆಕ್‌ಪೋಸ್ಟುಗಳಲ್ಲಿ ಫಾರ್ಮಲಿನ್ ಹಾಕಿದ ಮೀನನ್ನು ಟನ್‌ಗಟ್ಟಲೆ ಹಿಡಿದಾಗ ಆ ಸುದ್ದಿ ಘಾಟಿ ಹತ್ತಿ ನಮ್ಮ ಜಗುಲಿಗೂ ಬಂದಿತ್ತು. ಶವ ಕೆಡದಂತೆ ಇಡುವ ದ್ರಾವಣ ಅದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಪತ್ತೆ ಮಾಡುವ ಕಾಗದದ ಪಟ್ಟಿ ತಯಾರಿಸಿದೆ. ಅತ್ತೆಗೆ ಪಟ್ಟಿ ಬೇಡ, ನೊಣ ಸಾಕು.

ಇಷ್ಟೆಲ್ಲ ಪರೀಕ್ಷೆ ಇವತ್ತು ಯಾಕೆಂದರೆ ಎರಡು ತಿಂಗಳ ಉಪವಾಸ ಮುರಿಯುವ ದಿನ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೊಟ್ಟೆಯಿಡುವ ಕಾಲ. ಕೇರಳದಲ್ಲೂ ಟ್ರಾಲಿಂಗ್ ಬೋಟುಗಳಿಗೆ 52 ದಿನ ರಜೆ. ಅಲ್ಲಿ ಸಾಂಪ್ರದಾಯಿಕ ದೋಣಿಗಳಿಗೆ ಮಾತ್ರ ಅಡ್ಡಿಯಿಲ್ಲ. ಹಾಗಾದರೆ ಜುಲೈ ತಿಂಗಳಲ್ಲಿ ಈ ಕಟ್ಟೆಯ ಮೇಲೆ ಸಾಲು ಮಲಗುವ ದೊಡ್ಡ ಮೀನುಗಳು ಎಲ್ಲಿಯವು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ನಮ್ಮ ಕಡಲು ಮುಚ್ಚಿದಾಗ ಬಂಗಾಳ ಕೊಲ್ಲಿ ತೆರೆದಿರುತ್ತದೆ. ಅಲ್ಲಿಂದ ಇಲ್ಲಿಗೆ ಲಾರಿಯಲ್ಲಿ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿಕೊಳ್ಳಿ. ಆ ಎರಡು ತಿಂಗಳು ಅತ್ತೆ ಪೇಟೆಯ ಮೀನು ಮುಟ್ಟುವುದಿಲ್ಲ. ಅಟ್ಟದ ಒಣಮೀನು, ಗದ್ದೆಯ ಏಡಿ, ಕಣಿಲೆ, ಅಣಬೆ, ಇಷ್ಟೇ.

“ಮತ್ತಿ ಕಿಲೋಗೆ ಎಷ್ಟು?”

“240.”

“ಮತ್ತಿಗೂ 240! ಮೊದಲು ಬಡವರ ಮೀನು ಅಂತಿದ್ದರು.”

ಕಾಕಾ ಮೇಲೆ ನೋಡುತ್ತಾರೆ, ದೇವರನ್ನು ಸಾಕ್ಷಿ ಕರೆಯುವವರಂತೆ. ತಪ್ಪು ಅವರದಲ್ಲ. ಕೇರಳದ ಕಡಲಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು; 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಆಮೇಲೆ ಚೇತರಿಸಿಕೊಂಡಿದೆ. ಆದರೂ ಮತ್ತಿಯ ಮನಸ್ಸು ಯಾರಿಗೂ ಪೂರ್ತಿ ಗೊತ್ತಿಲ್ಲ. ನೀರಿನ ಬಿಸಿ ಚೂರು ಏರಿದರೂ ಅದು ಬೇರೆ ಕಡೆಗೆ ಹೊರಟುಬಿಡುತ್ತದೆ. ಚೌಕಾಸಿ ನಡೆದು 220ಕ್ಕೆ ನಿಲ್ಲುತ್ತದೆ. ಎರಡು ಕಿಲೋ. ಮೇಲೆ ನಾಲ್ಕು ಬಂಗುಡೆ.

ಮಾವ ಜೀಪು ತಿರುಗಿಸಿ ನಿಲ್ಲಿಸಿದ್ದಾರೆ. ಮೀನಿನ ಪೆಟ್ಟಿಗೆಯ ಮೇಲೆ ಇನ್ನೆರಡು ಹಿಡಿ ಐಸು ಬೀಳುತ್ತದೆ. “ನೀವು ಹೋಗಿ ಕ್ಲೀನ್ ಮಾಡಿ ಇಡಿ, ನಾವು ಸಂತೆ ಮುಗಿಸಿ ಬಸ್ಸಿಗೆ ಬರ್ತೇವೆ,” ಅತ್ತೆ ಅಪ್ಪಣೆ ಕೊಡುತ್ತಾರೆ. ಮೀನಿಗೆ ಜೀಪು, ನಮಗೆ ಬಸ್ಸು.

*

ಮಧ್ಯಾಹ್ನ ಒಂದು ಗಂಟೆಗೆ ಕೈತುಂಬ ಚೀಲ, ಹೊಟ್ಟೆ ಖಾಲಿ. ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆಗೆ ಆರು ಮೇಜಿನ ಒಂದು ಮೀನೂಟದ ಹೋಟೆಲ್. ಒದ್ದೆ ಕೊಡೆಗಳು ಬಾಗಿಲಲ್ಲಿ ರಾಶಿ ಬಿದ್ದಿವೆ. ಒಳಗೆ ಹೋದರೆ ಕುಚ್ಚಲಕ್ಕಿ ಅನ್ನದ ಹಬೆ, ಕರಿಬೇವು ಎಣ್ಣೆಗೆ ಬಿದ್ದ ಸದ್ದು, ಭಾಗಮಂಡಲದ ಬಸ್ ತಪ್ಪಿಸಿಕೊಂಡವರ ಬೈಗುಳ.

“ಅಂಜಲ್ ರವಾ ಫ್ರೈ, ಪಾಂಪ್ಲೆಟ್ ಮಸಾಲ, ಸಿಗಡಿ ಘೀ ರೋಸ್ಟ್, ಬಂಗುಡೆ ತವಾ...” ಹುಡುಗ ಒಂದೇ ಉಸಿರಲ್ಲಿ ಹೇಳುತ್ತಾನೆ.

“ಇವತ್ತು ಬಂದದ್ದು ಯಾವುದು ಮಗಾ?”

ಹುಡುಗ ತಡವರಿಸಿ ಒಳಗೆ ನೋಡುತ್ತಾನೆ. ಒಳಗಿನಿಂದ ದನಿ ಬರುತ್ತದೆ: “ಬಂಗುಡೆ.”

“ಎರಡು ಊಟ. ಬಂಗುಡೆ ತವಾದಲ್ಲಿ, ಎಣ್ಣೆ ಕಮ್ಮಿ.”

ಅತ್ತೆ ಆರಿಸಿದ್ದರ ಹಿಂದೆ ನನ್ನ ಕಥೆಯೂ ಒಂದಿದೆ. ಕೆಲವು ವರ್ಷಗಳ ಹಿಂದೆ ಒಂದು ಪ್ರಯಾಣದಲ್ಲಿ, ಊರಿನ ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ, ಬಂಗುಡೆ ತಿಂದ ಅರ್ಧ ಗಂಟೆಗೆ ಮುಖ, ಕುತ್ತಿಗೆ ಕೆಂಡದಂತಾಗಿ ತಲೆ ಸಿಡಿಯತೊಡಗಿತ್ತು. ನನಗೆ ಮೀನು ಆಗುವುದಿಲ್ಲವೇನೋ ಎಂದು ಹೆದರಿ ತಿಂಗಳುಗಟ್ಟಲೆ ಬಿಟ್ಟಿದ್ದೆ. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು: ಬಂಗುಡೆ, ಮತ್ತಿ, ಟ್ಯೂನಾದಂಥ ಮೀನು ಐಸಿಲ್ಲದೆ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ. ಒಮ್ಮೆ ಹುಟ್ಟಿದರೆ ಕುದಿಸಿದರೂ ಹೋಗದು, ಹುರಿದರೂ ಹೋಗದು. ಮಸಾಲೆ ನಾತವನ್ನು ಮುಚ್ಚೀತು, ಇದನ್ನಲ್ಲ. ಇದನ್ನು ಕೇಳಿದ ಮೇಲೆ ಅತ್ತೆಯ ಗಂಟೆ ಲೆಕ್ಕವನ್ನು ನಾನು ಮುದುಕಿಯರ ಗೊಣಗಾಟ ಅಂದುಕೊಂಡಿಲ್ಲ.

ತಟ್ಟೆ ಬರುತ್ತದೆ. ದಪ್ಪಕ್ಕಿ ಅನ್ನ, ಕೆಂಪು ಮೀನು ಸಾರು, ಬಸಳೆ ಪಲ್ಯ, ಉಪ್ಪಿನಕಾಯಿ. ಬಂಗುಡೆಯ ಎರಡೂ ಮಗ್ಗುಲಿಗೆ ಮೂರು ಮೂರು ಗೀರು, ಗೀರಿನೊಳಗೆ ಮೆಣಸಿನ ಮಸಾಲೆ ಕಚ್ಚಿ ಅಂಚು ಸುಟ್ಟಿದೆ. ಬೆರಳು ಹಾಕಿದರೆ ಮಾಂಸ ಪದರ ಪದರವಾಗಿ ಬಿಡುತ್ತದೆ. ಅದರದ್ದೇ ಎಣ್ಣೆ ತಟ್ಟೆಯಲ್ಲಿ ಹೊಳೆಯುತ್ತದೆ. ಆ ಎಣ್ಣೆಗಾಗಿಯೇ ತಿನ್ನಬೇಕಾದದ್ದು. ಡಾಕ್ಟರುಗಳು ಒಮೆಗಾ-3 ಅನ್ನುವುದು ಅದರಲ್ಲೇ ಇದೆ. ಹೃದಯಕ್ಕೆ ಒಳ್ಳೆಯದೆಂದು ಅಮೆರಿಕದ ಹೃದಯ ಸಂಘ ವಾರಕ್ಕೆ ಎರಡು ಸಲ ಮೀನು ತಿನ್ನಿ ಎನ್ನುತ್ತದೆ, ಅದರಲ್ಲೂ ಎಣ್ಣೆಯಂಶದ ಮೀನು. ಸಾಲ್ಮನ್ ಹುಡುಕಿಕೊಂಡು ಹೋಗಬೇಕಿಲ್ಲ, ಬಂಗುಡೆ ಮತ್ತಿ ಅದೇ ಜಾತಿಯ ಊಟ. ಆದರೆ ಆ ಎಣ್ಣೆ ತೊಳೆದುಹೋಗುವ ಹಾಗೆ ಬಾಂಡಲೆಯಲ್ಲಿ ಮುಳುಗಿಸಿ ಕರಿದರೆ ತಿಂದದ್ದು ಮೀನಲ್ಲ, ನಿನ್ನೆ ಮೊನ್ನೆಯ ತಾಳೆ ಎಣ್ಣೆ. ಕರಿದ ಎಣ್ಣೆಯನ್ನು ಎಷ್ಟರವರೆಗೆ ಬಳಸಬಹುದು ಎಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಮಿತಿ ಹಾಕಿದೆ, ಪೋಲಾರ್ ಸಂಯುಕ್ತ ಶೇಕಡ 25 ದಾಟುವಂತಿಲ್ಲ. ಬಾಂಡಲೆಯ ಮುಂದೆ ನಿಂತು ಅದನ್ನು ಅಳೆಯಲು ನಮ್ಮ ಕೈಲಾಗದು. ಕಾವಲಿ ಕಣ್ಣಿಗೆ ಕಾಣುತ್ತದೆ, ಅದಕ್ಕೇ ತವಾ.

ಅತ್ತೆ ಮುಳ್ಳನ್ನು ಬಾಳೆಲೆಯ ತುಂಡಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟು ತೀರ್ಪು ಕೊಡುತ್ತಾರೆ: “ಮೀನು ಒಳ್ಳೇದು. ಸಾರಿಗೆ ಹುಣಸೆ ಹಾಕಿದ್ದಾರೆ. ಪರವಾಗಿಲ್ಲ.”

ಈ ಪರವಾಗಿಲ್ಲ ಎಂಬುದು ಕ್ಷಮೆ, ಹೊಗಳಿಕೆಯಲ್ಲ. ಅತ್ತೆಯ ಪ್ರಕಾರ ಘಾಟಿಯ ಮೇಲೆ ಮೀನಿಗೆ ಹುಳಿ ಒಂದೇ.

*

ಮನೆ ತಲುಪುವಾಗ ನಾಲ್ಕು ಗಂಟೆ. ಕಾಫಿ ತೋಟದ ನಡುವಿನ ಕಚ್ಚಾದಾರಿ ಕೆಸರಾಗಿದೆ. ಮಾವ ಬಚ್ಚಲ ಹಿಂದಿನ ಕಲ್ಲಿನ ಮೇಲೆ ಮತ್ತಿಯನ್ನೆಲ್ಲ ಹುರುಪೆ ಕೆರೆದು, ತಲೆ ಚಿವುಟಿ, ಕರುಳು ತೆಗೆದು, ಕಲ್ಲುಪ್ಪು ಹಾಕಿ ಮೂರು ಸಲ ತಿಕ್ಕಿ ತೊಳೆದು, ಅರಿಸಿನ ಸವರಿ ಫ್ರಿಜ್ಜಿನಲ್ಲಿ ಇಟ್ಟಾಗಿದೆ. ನಡುಮುಳ್ಳು ಹಾಗೇ ಇದೆ. ಸಣ್ಣ ಮತ್ತಿಯ ಮುಳ್ಳು ಬೆಂದರೆ ಮೆತ್ತಗಾಗುತ್ತದೆ, ಅಗಿದು ನುಂಗಬೇಕು. ಮಂಡಿನೋವು ಅನ್ನುವವರಿಗೆ ಈ ಮನೆಯಲ್ಲಿ ಸಿಗುವ ಸುಣ್ಣದ ಸತ್ವ ಅದೇ.

“ಬರ್ತೀಯಾ ಮಗಳೆ, ಗದ್ದೆಗೆ?” ಮಾವ ಕೊಡೆ, ಒಂದು ಹಳೇ ಡಬ್ಬಿ ಹಿಡಿದು ನಿಂತಿದ್ದಾರೆ.

ಗದ್ದೆಯ ಬದುವಿನಲ್ಲಿ ನಡೆಯಿರಿ ನನ್ನ ಹಿಂದೆ, ನಿಧಾನ, ಜಾರುತ್ತದೆ. ನಾಟಿಯಾಗಿ ವಾರವಾಗಿದೆ, ಪೈರು ಇನ್ನೂ ಬೇರು ಕಚ್ಚುತ್ತಿದೆ. ಮೊಣಕಾಲಿನವರೆಗೆ ತಣ್ಣನೆ ನೀರು, ಮೀನಖಂಡದ ಮೇಲೆ ಏನೋ ಹರಿದಂತೆ. ಜಿಗಣೆಯೇ ಇರಬೇಕು, ಆಮೇಲೆ ಉಪ್ಪು ಹಚ್ಚೋಣ. ಮಾವ ಬದುವಿನ ತೂತಿಗೆ ಮೊಣಕೈವರೆಗೆ ಕೈ ತೂರಿಸುತ್ತಾರೆ, ಮುಖ ಆಕಾಶಕ್ಕೆ, ಕಣ್ಣು ಮುಚ್ಚಿ. ಬೆರಳಿಗೇ ಕಣ್ಣು ಬಂದ ಹಾಗೆ. “ಹಾ!” ಕೈ ಹೊರಬಂದಾಗ ಕಂದು ಏಡಿಯೊಂದು ಕೊಂಬೆತ್ತಿ ಗಾಳಿಯನ್ನು ಕತ್ತರಿಸುತ್ತಿದೆ. ಕೊಡವರು ಇದನ್ನು ಞಂಡ್ ಅನ್ನುತ್ತಾರೆ. ಒಂದು ಗಂಟೆಯಲ್ಲಿ ಏಳು. ಮಾವನ ಬಾಲ್ಯದಲ್ಲಿ ಇಷ್ಟು ಹೊತ್ತಿಗೆ ಡಬ್ಬಿ ತುಂಬುತ್ತಿತ್ತಂತೆ. ಈಗ ಅಕ್ಕಪಕ್ಕದ ಎಷ್ಟೋ ಗದ್ದೆಗಳು ಶುಂಠಿಗೆ ಹೋಗಿವೆ, ಉಳಿದವು ಪಾಳು. ಔಷಧಿ ಹೊಡೆದ ನೀರಲ್ಲಿ ಏಡಿ ನಿಲ್ಲುವುದಿಲ್ಲ. ಹಾಗಾಗಿ ಏಡಿ ಇರುವ ಗದ್ದೆ ಅಂದರೆ ವಿಷ ಬೀಳದ ಗದ್ದೆ ಎಂದು ಮಾವನ ನಂಬಿಕೆ. ಪಕ್ಕದ ತೋಡಿನಲ್ಲಿ ಕಿರುಬೆರಳಿನಷ್ಟು ಮೀನುಗಳು ಹೊಳೆದು ಮಾಯವಾಗುತ್ತವೆ. ಕೊಡವರ ಕೊಯಿಲೆ ಮೀನಿನ ಕಾಲ ಇದು. ಅವನ್ನು ಇವತ್ತಿಗೆ ಬಿಟ್ಟೆವು. ಈ ನೀರೆಲ್ಲ ಹೋಗಿ ಸೇರುವ ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ ಮಹಶೀರ್ ಇದೆ, ಮಣಗಟ್ಟಲೆ ತೂಗುವುದು. 2018ರಿಂದ ಅದು ಅಳಿವಿನ ತುದಿಯಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದರ ಮಾತು ಅಡುಗೆಮನೆಗೆ ಬರಬಾರದು.

“ಅತ್ತೇ, ಇದು ನೀರು ಬಿಟ್ಟು ಹತ್ತು ನಿಮಿಷ,” ಎಂದು ಡಬ್ಬಿ ಮುಂದಿಡುತ್ತೇನೆ.

“ಇನ್ನೂ ಬಿಡ್ಲಿಲ್ಲ ಅದು,” ಅತ್ತೆ ಡಬ್ಬಿಯೊಳಗಿನ ನೀರು ತೋರಿಸುತ್ತಾರೆ.

ಒಲೆ ಹೊತ್ತಿದೆ. ಗ್ಯಾಸ್ ಇದೆ, ಆದರೆ ಮೀನಿನ ಚಟ್ಟಿ ಸೌದೆ ಒಲೆಗೇ ಹೋಗಬೇಕು. ಅತ್ತೆ ಕೊತ್ತಂಬರಿ, ಜೀರಿಗೆ, ಚೂರು ಮೆಂತ್ಯ, ಸಾಸಿವೆ, ಕರಿಮೆಣಸನ್ನು ಒಣ ಬಾಣಲೆಯಲ್ಲಿ ಕಪ್ಪಗಾಗುವ ಮುಂಚಿನ ಕ್ಷಣದವರೆಗೆ ಹುರಿಯುತ್ತಾರೆ. ನನ್ನ ಪಾಲಿಗೆ ಅರೆಯುವ ಕಲ್ಲು: ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಗಾಂಧಾರಿ ಮೆಣಸು. ತೆಂಗಿನಕಾಯಿ ಇಲ್ಲ. ಕರಾವಳಿಯಿಂದ ಬಂದ ನೆಂಟರು ಇದನ್ನು ಕಂಡು ಪಾಪ ಅನ್ನುತ್ತಾರೆ. ಚಟ್ಟಿಗೆ ಎರಡು ಚಮಚ ಎಣ್ಣೆ, ಕರಿಬೇವು, ಅರೆದದ್ದು, ನೀರು. ಕುದಿ ಬರುವಾಗ ಇಡೀ ಅಡುಗೆಮನೆ ಸೀನುತ್ತದೆ. ಈಗ ಮತ್ತಿ ಒಂದೊಂದಾಗಿ. ಇಲ್ಲಿಂದ ಮುಂದೆ ಸೌಟು ನಿಷೇಧ. ಬಟ್ಟೆಯಲ್ಲಿ ಚಟ್ಟಿಯ ಕಂಠ ಹಿಡಿದು ಅತ್ತೆ ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸುತ್ತಾರೆ, ತೊಟ್ಟಿಲು ತೂಗಿದಂತೆ.

ಕಡೆಯಲ್ಲಿ ಬಾಟ್ಲಿ ಹೊರಬರುತ್ತದೆ. ಒಳಗೆ ಕಾಕಂಬಿಯಂಥ ಕಪ್ಪು ದ್ರವ. ಕಾಚಂಪುಳಿ. ಹಣ್ಣು ಮಳೆಗಾಲದಲ್ಲಿ ಉದುರುತ್ತದೆ. ಬುಟ್ಟಿಯಲ್ಲಿ ಪೇರಿಸಿಟ್ಟರೆ ತಾನಾಗಿ ಕೊಳೆತು ರಸ ಅಡಿಯ ಪಾತ್ರೆಗೆ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕಾಯಿಸಿ ಇಂಗಿಸಿದರೆ ಇದು. ಮಲೆನಾಡಿನವರ ಉಪ್ಪಾಗೆ ಇದೇ ಮರ. ಘಾಟಿಯ ಆಚೆ ಮಲಯಾಳಿಗಳು ಇದರ ಸಿಪ್ಪೆಯನ್ನೇ ಹೊಗೆಯಲ್ಲಿ ಒಣಗಿಸಿ ಕುಡಂಪುಳಿ ಮಾಡಿ ಅದೇ ಮತ್ತಿಗೆ ಹಾಕುತ್ತಾರೆ. ಮೀನಿನ ಗಂಟೆ ಎಣಿಸುವ ಅತ್ತೆ ಇದರ ವರ್ಷ ಎಣಿಸುತ್ತಾರೆ. ಈ ಬಾಟ್ಲಿ ತೋಟದಾಚೆಯ ಕೊಡವ ಮನೆಯ ಅಕ್ಕ ಕೊಟ್ಟದ್ದು, ನನ್ನ ಮಗಳಿಗಿಂತ ಹಿರಿಯದು. 1990ರ ದಶಕದಲ್ಲಿ ಇದೇ ಹಣ್ಣಿನ ಹುಳಿಯನ್ನು ಮಾತ್ರೆ ಮಾಡಿ ತೂಕ ಇಳಿಸುವ ಮದ್ದು ಎಂದು ಜಗತ್ತಿಗೆಲ್ಲ ಮಾರಿದರು. 1998ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ, 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯಲ್ಲಿ ಮಾತ್ರೆ ನುಂಗಿದವರಿಗೂ ಬರೀ ಹುಸಿ ಮಾತ್ರೆ ನುಂಗಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಮೀನಿನ ಚಟ್ಟಿಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ: ನಾತ ಕೊಡುವ ಅಂಶವನ್ನು ಹುಳಿ ಕಟ್ಟಿಹಾಕುತ್ತದೆ, ಮಾಂಸ ಬಿಗಿಯಾಗುತ್ತದೆ, ಸಾರು ಕೆಡದೆ ಉಳಿಯುತ್ತದೆ. ಒಂದೇ ಚಮಚ. ಕೆಂಪಗಿದ್ದ ಸಾರು ಕಣ್ಣೆದುರೇ ಕಾಡಿನ ಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ಒಲೆಯಲ್ಲಿ ಏಡಿಯ ಕಾಲುಗಳನ್ನು ಕುಟ್ಟಿ ಹಿಂಡಿದ ರಸ ಮೆಣಸಿನ ಜೊತೆ ಕುದಿಯುತ್ತಿದೆ. ಮಗಳ ಶೀತಕ್ಕೆ ಅದು. ಯೂರಿಕ್ ಆಮ್ಲದ ಕಾಟವಿರುವ ಚಿಕ್ಕಮಾವನಿಗೆ ಏಡಿಯೂ ಇಲ್ಲ, ಮತ್ತಿಯೂ ಇಲ್ಲ. ಅವರು ಮೊಸರನ್ನದ ಮುಂದೆ ಕೂತು ನಮ್ಮನ್ನೆಲ್ಲ ಶತ್ರುಗಳಂತೆ ನೋಡುತ್ತಾರೆ.

ಎಂಟೂವರೆಗೆ ಕರೆಂಟು ಹೋಗುತ್ತದೆ. ಮೇಣದಬತ್ತಿಯ ಬೆಳಕಲ್ಲಿ ಅಕ್ಕಿ ರೊಟ್ಟಿ ಹರಿಯುವ ಸದ್ದು, ಹಂಚಿನ ಮೇಲೆ ಮಳೆ. ಮತ್ತಿಯನ್ನು ಬಾಲದಿಂದ ಹಿಡಿದು ಬಾಯಲ್ಲಿ ಜಾರಿಸಿದರೆ ಮೊದಲು ಹುಳಿ, ಹಿಂದೆಯೇ ಖಾರ, ಕೊನೆಗೆ ಮೀನಿನ ಕೊಬ್ಬಿನ ಸಿಹಿ. ಒಂದಕ್ಕೆ ಹೊಟ್ಟೆ ತುಂಬ ಮೊಟ್ಟೆ. ಅದು ಮಗಳ ತಟ್ಟೆಗೆ ಹೋಗುತ್ತದೆ. ಯಾರೂ ಮಾತಾಡುವುದಿಲ್ಲ. ಮುಳ್ಳು ಆರಿಸಲಿಕ್ಕೆ ಬೆಳಕು ಸಾಲದು, ಮಾತು ದುಬಾರಿ.

ಎಲ್ಲರ ಊಟ ಮುಗಿಯುವ ಮುಂಚೆಯೇ ಅತ್ತೆ ಚಟ್ಟಿಗೆ ಮುಚ್ಚಳ ಹಾಕಿ ಎತ್ತಿಟ್ಟಿದ್ದಾರೆ. ಐದು ಮೀನು ಒಳಗಿವೆ. “ನಾಳೆ ಬೆಳಿಗ್ಗೆ ರೊಟ್ಟಿಗೆ. ಇವತ್ತಿಗಿಂತ ನಾಳೆಗೇ ರುಚಿ.” ಆರಿದ ಮೇಲೆ ಫ್ರಿಜ್ಜಿಗಿಡಲು ನನಗೆ ಹೇಳಿ ಮಲಗಲು ಹೋಗುತ್ತಾರೆ. ನಾನು ಇಟ್ಟು ದೀಪ ಆರಿಸುತ್ತೇನೆ.

ಮಳೆ ಜೋರಾಗಿದೆ. ಹನ್ನೊಂದಾಗಿರಬೇಕು. ಅಡುಗೆಮನೆಯ ಕಡೆಯಿಂದ ಫ್ರಿಜ್ಜಿನ ಬಾಗಿಲು ತೆರೆದ ಸದ್ದು, ಸ್ವಲ್ಪ ಹೊತ್ತಿಗೆ ಮಣ್ಣಿನ ಮುಚ್ಚಳ ಚಟ್ಟಿಗೆ ತಾಗಿದ ಸದ್ದು, ಬಹಳ ಜಾಗ್ರತೆಯ ಸದ್ದು. ಅತ್ತೆಯ ಕೋಣೆಯಿಂದ ನಿದ್ದೆಗಣ್ಣಿನ ದನಿ ಬರುತ್ತದೆ:

“ಎರಡೇ ತೆಗಿರಿ.”